ಓಹಿಯೋ ರಾಜ್ಯವೇ ಅಲ್ಲ ಸ್ವಾಮಿ!

ತೆರಿಗೆ ಕಟ್ಟೋದು ಯಾರಿಗೂ ಇಷ್ಟವಿಲ್ಲ. ಅದಕ್ಕೇ ನಮ್ಮವರು ಒಳ್ಳೆ ಆಡಿಟರ್ ಹುಡುಕುತ್ತಾರೆ. ಅಮೆರಿಕದಲ್ಲಿ ಒಂದು ಪಂಗಡವಿದೆ, ಅವರು ಅಲ್ಪವಿರಾಮ ಹುಡುಕುತ್ತಾರೆ.

ತಮಾಷೆಯಲ್ಲ. ಅಲ್ಲಿ ಈಗಿನ ಆದಾಯ ತೆರಿಗೆಗೆ ದಾರಿ ಮಾಡಿದ್ದು 1913ರ 16ನೇ ಸಂವಿಧಾನ ತಿದ್ದುಪಡಿ. ಅದಕ್ಕೆ ಒಪ್ಪಿಗೆ ಕೊಟ್ಟು ರಾಜ್ಯಗಳು ಕಳಿಸಿದ ಕಾಗದಗಳಲ್ಲಿ ಎಲ್ಲೋ ಅಲ್ಪವಿರಾಮ, ಎಲ್ಲೋ ದೊಡ್ಡಕ್ಷರ ಆಚೀಚೆ ಆಗಿದ್ದವು. ಹಾಗಾಗಿ ತಿದ್ದುಪಡಿಯೇ ಆಗಿಲ್ಲ ಅಂತ ಇವರ ವಾದ. ಈ ಲೆಕ್ಕದಲ್ಲಿ ನಮ್ಮ ರೇಷನ್ ಕಾರ್ಡುಗಳನ್ನು ನೋಡಿದರೆ, ನಾವ್ಯಾರೂ ಇನ್ನೂ ಹುಟ್ಟೇ ಇಲ್ಲ.

ಇದಕ್ಕಿಂತ ಚೆಂದದ್ದು ಓಹಿಯೋ ಕಥೆ. ಅದು 1803ರಲ್ಲೇ ರಾಜ್ಯವಾಯಿತು. ಸೇರಿಸಿಕೊಂಡೆವು ಅಂತ ಒಂದು ನಿರ್ಣಯ ಪಾಸು ಮಾಡೋದನ್ನು ಮಾತ್ರ ಅಲ್ಲಿನ ಸಂಸತ್ತು ಬಿಟ್ಟಿತ್ತು. 150 ವರ್ಷ ತುಂಬಿದಾಗ, 1953ರಲ್ಲಿ, ಹಳೇ ತಾರೀಕಿಗೇ ಅನ್ವಯವಾಗುವಂತೆ ಪಾಸು ಮಾಡಿದರು. ಸಿಕ್ಕಿತಲ್ಲ! ಹಾಗಾದರೆ 1913ರಲ್ಲಿ ಓಹಿಯೋ ರಾಜ್ಯವೇ ಅಲ್ಲ. ಅಲ್ಲಿ ಹುಟ್ಟಿದ ಆಗಿನ ಅಧ್ಯಕ್ಷ ಟ್ಯಾಫ್ಟ್ ಅಮೆರಿಕದಲ್ಲೇ ಹುಟ್ಟಿಲ್ಲ, ಹಾಗಾಗಿ ಅಧ್ಯಕ್ಷರೇ ಅಲ್ಲ. ಅವರ ಕಾಲದ ತಿದ್ದುಪಡಿ ತಿದ್ದುಪಡಿಯೇ ಅಲ್ಲ. ಆದ್ದರಿಂದ ನನ್ನ ಸಂಬಳಕ್ಕೆ ತೆರಿಗೆ ಇಲ್ಲ! ಅಜ್ಜನ ಮದುವೆ ರಿಜಿಸ್ಟರ್ ಆಗಿಲ್ಲ ಅಂತ ಮೊಮ್ಮಗ ಕರೆಂಟ್ ಬಿಲ್ ಕಟ್ಟದೆ ಕೂತ ಹಾಗೆ.

ನೋಟಿಸಿನಲ್ಲಿ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಅದು ನಾನಲ್ಲ, ಬೇರೆ ಯಾರೋ ಅನ್ನುವವರೂ ಇದ್ದಾರೆ. ಕೋರ್ಟಿನ ಬಾವುಟಕ್ಕೆ ಚಿನ್ನದ ಬಣ್ಣದ ಅಂಚಿದ್ದರೆ ಅದು ಹಡಗಿನ ವ್ಯಾಜ್ಯ ನೋಡುವ ಕೋರ್ಟಂತೆ. ಸರ್ಕಾರವನ್ನು ಒಂದಿಷ್ಟೂ ನಂಬದ ಈ ಜನ ಸರ್ಕಾರಿ ಬಾವುಟದ ಅಂಚನ್ನು ಎಷ್ಟು ನಂಬುತ್ತಾರೆ ನೋಡಿ. ಇದನ್ನೆಲ್ಲ ಹೇಳಿಕೊಡುವ ಗುರುಗಳಿಗೆ ಫೀಸು ಮಾತ್ರ ಡಾಲರಿನಲ್ಲೇ ಬೇಕು.

ಒಬ್ಬ ವಿಮಾನದ ಪೈಲಟ್ ಇಂಥ ಪಾಠ ಕೇಳಿ 1980ರಿಂದ ರಿಟರ್ನ್ ಹಾಕೋದನ್ನೇ ಬಿಟ್ಟ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ತೀರ್ಪು ಓದಲೇಬೇಕಾದದ್ದು. ಸಂಬಳ ಆದಾಯವಲ್ಲ ಅಂತ ನೀನು ನಿಜವಾಗಿ ನಂಬಿದ್ದರೆ, ಆ ನಂಬಿಕೆ ಎಷ್ಟೇ ಅಸಂಬದ್ಧವಾಗಿರಲಿ, ಬೇಕಂತಲೇ ಮಾಡಿದ ಅಪರಾಧ ಆಗುವುದಿಲ್ಲ. ಆದರೆ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ ಓದಿ, ಯೋಚಿಸಿ ತೀರ್ಮಾನಿಸಿದ್ದೀಯಾ? ಹಾಗಾದರೆ ಕಾನೂನು ಏನಂತ ನಿನಗೆ ಚೆನ್ನಾಗಿ ಗೊತ್ತಿದೆ. ಅಂದರೆ ದಡ್ಡನಿಗೆ ಬಿಡುಗಡೆ, ಪಂಡಿತನಿಗೆ ಜೈಲು. ಪಾಪ, ರಾತ್ರಿಯೆಲ್ಲ ಕೂತು ಓದಿದ್ದೇ ತಪ್ಪಾಯಿತು! ಮರುವಿಚಾರಣೆಯಲ್ಲಿ ಅವನ ದಡ್ಡತನವನ್ನು ಜ್ಯೂರಿ ನಂಬಲಿಲ್ಲ. ಮತ್ತೆ ಶಿಕ್ಷೆಯಾಯಿತು. ನಂಬಿದ್ದರೂ ಬಾಕಿ ತೆರಿಗೆಯೇನೂ ಮನ್ನಾ ಆಗುತ್ತಿರಲಿಲ್ಲ ಬಿಡಿ.

ನಟ ವೆಸ್ಲಿ ಸ್ನೈಪ್ಸ್‌ಗೆ ಸಿಕ್ಕಿದ್ದು ಇನ್ನೊಂದು ಮಂತ್ರ: ದೇಶದೊಳಗೆ ದುಡಿದದ್ದಕ್ಕೆ ತೆರಿಗೆ ಇಲ್ಲ. 2008ರಲ್ಲಿ 3 ವರ್ಷ ಜೈಲು ಶಿಕ್ಷೆಯಾಯಿತು. ಅದೂ ದೇಶದೊಳಗೇ.

ಜಡ್ಜುಗಳಿಗೂ ಸಾಕಾಗಿಹೋಗಿದೆ. ಇಂಥ ವಾದಕ್ಕೆ ಗಂಭೀರವಾಗಿ ಉತ್ತರ ಕೊಟ್ಟರೆ ಇದರಲ್ಲೂ ಏನೋ ಹುರುಳಿದೆ ಅಂದುಕೊಂಡಾರು ಅಂತ 1984ರಲ್ಲೇ ಒಂದು ಮೇಲ್ಮನವಿ ಕೋರ್ಟು ಕೈಮುಗಿದುಬಿಟ್ಟಿತು. ತೆರಿಗೆ ಇಲಾಖೆಗೆ ಅಷ್ಟು ಸಂಕೋಚವಿಲ್ಲ. ಈ ವಾದಗಳನ್ನೆಲ್ಲ ಪಟ್ಟಿ ಮಾಡಿ, ಉತ್ತರ ಬರೆದು ಪ್ರಕಟಿಸಿದೆ. ಅದನ್ನೂ ಮೀರಿ ಅದೇ ವಾದ ಹೂಡಿ ರಿಟರ್ನ್ ಹಾಕಿದರೆ ದಂಡ 5,000 ಡಾಲರ್. ಅಲ್ಲಿ ಅಲ್ಪವಿರಾಮ ಸರಿಯಾದ ಜಾಗದಲ್ಲೇ ಇದೆ.