ಡಿಸೆಂಬರಿನಲ್ಲಿ ತಾಂಡಾದಲ್ಲಿ ಯಾರಿರುತ್ತಾರೆ?

ವಲಸೆ ಕಾರ್ಮಿಕರು ಬೆಳಗಾವಿ ಅಧಿವೇಶನಕ್ಕೆ ಬಂದು ತಮ್ಮ ಹಕ್ಕು ಕೇಳಬೇಕು ಎಂದು ಬರೆದಿದ್ದೀರಿ. ಸರಿ. ಆದರೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಆಗ ನಮ್ಮ ವಿಜಯಪುರದ ತಾಂಡಾಗಳಲ್ಲಿ ಉಳಿದಿರುವುದು ಮುದುಕರು, ಮಕ್ಕಳೇ ಜಾಸ್ತಿ. ಉಳಿದವರು ದೀಪಾವಳಿ ಮುಗಿಸಿ ಟ್ರ್ಯಾಕ್ಟರ್ ಹತ್ತಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿರುತ್ತಾರೆ.

ಹೋಗಿಬರುವ ಖರ್ಚನ್ನು ಗುತ್ತಿಗೆದಾರನೇ ಕೊಡಬೇಕು ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ನಮ್ಮ ಪಕ್ಕದ ಮನೆ ಕಾಕಾನ ಮುಕಾದಮ (ಆಳುಗಳನ್ನು ಕರೆದೊಯ್ಯುವ ಗುತ್ತಿಗೆದಾರ) ಮಾತ್ರ ತನ್ನ ಎಣ್ಣೆ ಹತ್ತಿದ ಪುಟ್ಟ ನೋಟ್‌ಬುಕ್ಕಿನಲ್ಲಿ ಡೀಸೆಲ್ ಖರ್ಚನ್ನೂ ಕಾಕಾನ ಮುಂಗಡಕ್ಕೇ ಸೇರಿಸಿ ಬರೆದಿದ್ದ. ಕಾಕಾಗೆ ಓದಲು ಬರಲ್ಲ, ಹೆಬ್ಬೆಟ್ಟು ಒತ್ತಿದ.

ಸುಮ್ನೆ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಬದಲು ಕಾರ್ಮಿಕ ಸಂಘದವರು ದಸರಾ ಹೊತ್ತಿಗೇ ತಾಂಡಾಗೆ ಬರಲಿ. ಹೋಗುವವರ ಹೆಸರು, ಮುಕಾದಮನ ಹೆಸರು, ಕೊಟ್ಟ ಮುಂಗಡ ಇಷ್ಟನ್ನು ಪಂಚಾಯಿತಿಯಲ್ಲಿ ಬರೆಸಲಿ.