ಮೂರು ಬೊಟ್ಟಿನ ಡೆಂಜಿ

ಕನ್ನಡದಲ್ಲಿ ಏಡಿ, ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಒಂದು ಬುಟ್ಟಿಯ ಮುಂದೆ ಐದು ನಿಮಿಷ ನಿಂತರೆ ಮೂರೂ ಹೆಸರು ಕಿವಿಗೆ ಬೀಳುತ್ತವೆ. ಅದು ಮಾತ್ರ ಯಾವುದಕ್ಕೂ ಓಗೊಡದೆ ಬಾಯಲ್ಲಿ ನೊರೆ ತುಂಬಿಕೊಂಡು ಕೂತಿರುತ್ತದೆ.

ನನಗೆ ಮೆಚ್ಚು ಮೂರು ಬೊಟ್ಟಿನದು. ಹಸಿರು ಬೆರೆತ ಬೂದು ಚಿಪ್ಪು, ಬೆನ್ನಿನ ಹಿಂಭಾಗದಲ್ಲಿ ಸಾಲಾಗಿ ಮೂರು ಕೆಂಪು ಬೊಟ್ಟು, ಸುತ್ತ ಬಿಳಿ ಅಂಚು. 1783ರಲ್ಲಿ ಹರ್ಬ್‌ಸ್ಟ್ ಎಂಬ ಜರ್ಮನ್ ಪಾದ್ರಿ ಇದಕ್ಕಿಟ್ಟ ಹೆಸರು ಸಾಂಗ್ವಿನೊಲೆಂಟಸ್, ಅಂದರೆ ರಕ್ತ ಮೆತ್ತಿದ್ದು. ನಮ್ಮ ಕಡೆಯವರನ್ನು ಕೇಳಿದ್ದರೆ ಕುಂಕುಮ ಎನ್ನುತ್ತಿದ್ದರು. ಅದೇ ಬುಟ್ಟಿಯಲ್ಲಿ ಬೆನ್ನ ಮೇಲೆ ಶಿಲುಬೆ ಹೊತ್ತ ಇನ್ನೊಂದು ಜಾತಿ. ಸಂತ ಕ್ಸೇವಿಯರರ ಶಿಲುಬೆ ಕಡಲಿಗೆ ಬಿದ್ದಾಗ ಏಡಿಯೊಂದು ಎತ್ತಿ ತಂದುಕೊಟ್ಟಿತು ಎಂಬ ಕಥೆ ಅದಕ್ಕೆ ಅಂಟಿಕೊಂಡಿದೆ. ಕುಂಕುಮವೂ ಶಿಲುಬೆಯೂ ಒಂದರ ಮೇಲೊಂದು ಹತ್ತಿಕೊಂಡು ಮಲಗಿರುತ್ತವೆ.

ಜೂನ್, ಜುಲೈಯ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದಿದ್ದವು. ಓದಿದ್ದನ್ನು ಪರೀಕ್ಷಿಸುವ ಹುಮ್ಮಸ್ಸಿನಲ್ಲಿ ದೊಡ್ಡದೊಂದನ್ನು ಎತ್ತಿ, ಕಣ್ಣಿನ ಪಕ್ಕದಿಂದ ಚಿಪ್ಪಿನಂಚಿನ ಹಲ್ಲು ಎಣಿಸತೊಡಗಿದೆ. ಒಂಬತ್ತು ಇರಬೇಕು, ಕೊನೆಯದು ಮುಳ್ಳಿನಷ್ಟು ಉದ್ದ; ಶಿಲುಬೆಯದಕ್ಕಾದರೆ ಆರೇ. ಹಿಂಗಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ಈಜುವುದಕ್ಕೆ. ಎಲ್ಲ ಸರಿಯಿತ್ತು.

"ಎಂತ ಮಾರಾಯ್ರೆ, ಹಲ್ಲಿನ ಡಾಕ್ಟ್ರಾ ನೀವು?" ಎಂದ ಮೀನು ಮಾರುವ ಅಕ್ಕ ಅದನ್ನು ಕಸಿದು ಮಗುಚಿದಳು. ಹೊಟ್ಟೆಯ ಮುಚ್ಚಳ ಕಿರಿದು, ತುದಿ ಚೂಪು: ಗಂಡು. ಹೆಣ್ಣಿನದಾದರೆ ಅಗಲ, ಮೊಟ್ಟೆ ಕಟ್ಟಿಕೊಳ್ಳಲಿಕ್ಕೆ. ಇಷ್ಟು ನನಗೂ ಗೊತ್ತಿತ್ತು. ಅವಳು ಹೆಬ್ಬೆರಳಲ್ಲಿ ಹೊಟ್ಟೆಯ ಚಿಪ್ಪನ್ನು ಒತ್ತಿದಳು. ಹಪ್ಪಳ ತಗ್ಗಿದ ಹಾಗೆ ತಗ್ಗಿತು. "ಇದು ಬೇಡ, ಬರೀ ನೀರು."

ಬೊಟ್ಟು ಎಷ್ಟು ಚಂದ ಇದೆ ನೋಡಿ ಎಂದು ವಾದಿಸಿ ಅದನ್ನೇ ತಂದೆ. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಕಳಚಿದ ಮೇಲೆ ನೀರು ಹೀರಿ ಉಬ್ಬಿ, ಮೆತ್ತಗಿನ ಹೊಸ ಚಿಪ್ಪನ್ನು ಹಿಗ್ಗಿಸಿಕೊಳ್ಳುತ್ತದೆ. ಆ ಜಾಗಕ್ಕೆ ಮಾಂಸ ಬರುವುದು ನಿಧಾನ. ಹೊಸ ಮನೆ ಕಟ್ಟಿದವರ ಕಿಸೆಯ ಹಾಗೆ. ಇದೂ ನಾನು ಓದಿದ್ದೇ, ಏಡಿ ಸುಕ್ಕದ ಪಾತ್ರೆಯ ಮುಂದೆ ಕೂತು ಅದರ ಕಾಲು ಮುರಿದಾಗ ನೆನಪಾಯಿತು. ಒಳಗಿಂದ ಒಂದು ಚಮಚ ನೀರು ತಟ್ಟೆಗೆ ಸುರಿಯಿತು. ಮನೆಯವರು ನೀರ್‌ದೋಸೆಗೆ ಬೆಲ್ಲ ಕಾಯಿ ತಂದಿಟ್ಟರು, ಒಂದು ಮಾತೂ ಆಡದೆ.

ಮರುವಾರ ಹೋದಾಗ ಅಕ್ಕ ನನ್ನನ್ನು ಕಂಡದ್ದೇ ಒಂದನ್ನು ಹೊಟ್ಟೆ ಮೇಲಾಗಿ ಹಿಡಿದು ಮುಂದೆ ಚಾಚಿದಳು. "ಒತ್ತಿ ನೋಡಿ, ಡಾಕ್ಟ್ರೆ."