ಅತ್ತಿ ಮನೆಯ ಒಗೆಯುವ ಕಲ್ಲು

ಲಕ್ಕುಂಡಿಯಲ್ಲಿ ನಮ್ಮ ಅತ್ತಿ ಮನೆ ಇದೆ. ಅಪ್ಪನ ಅಕ್ಕ. ಮಣ್ಣಿನ ಮಾಳಿಗೆ ಮನೆ, ಹಿತ್ತಲಲ್ಲಿ ಒಂದು ಅರಿವಿ ಒಗೆಯುವ ಕಲ್ಲು. ಸಣ್ಣವನಿದ್ದಾಗ ಅದರ ಮೇಲೆ ಕೂತು ಶೇಂಗಾ ತಿಂದವನು ನಾನು. ಮೇಲ್ಭಾಗ ಒಗೆದು ಒಗೆದು ನುಣ್ಣಗಾಗಿದೆ. ಗೋಡೆ ಕಡೆಯ ಮಗ್ಗುಲಿಗೆ ಕೈಯಾಡಿಸಿದರೆ ಮಾತ್ರ ಗೊತ್ತಾಗುತ್ತದೆ, ಅಲ್ಲಿ ಸಾಲಾಗಿ ಹಂಸಗಳಿವೆ. ಐದು ಪೂರ್ತಿ ಇವೆ, ಆರನೆಯದರ ಕೊಕ್ಕಷ್ಟೇ ಉಳಿದಿದೆ. ಅತ್ತಿ ಪ್ರತಿ ಸೋಮವಾರ ಆ ಮಗ್ಗುಲಿಗೆ ವಿಭೂತಿ ಹಚ್ಚುತ್ತಾಳೆ. "ಅದು ಗುಡಿ ಕಲ್ಲಪಾ. ಯಾವ ಕಾಲದಾಗೋ ನಮ್ಮ ಮನಿಗೆ ಬಂದೈತಿ" ಅಂತಾಳೆ.

ಕಳೆದ ಮಳೆಗಾಲದಲ್ಲಿ ಹಿಂದಿನ ಕೋಣೆಯ ಜಂತಿ ಮುರಿದು ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಮಲಗಿರಲಿಲ್ಲ. ಅತ್ತಿಯ ಮಗ ಸ್ಲ್ಯಾಬ್ ಹಾಕಿಸೋಣ ಅಂದ. ಆದರೆ ಮನೆ ಊರಿನ ಹಳೇ ಗುಡಿಯೊಂದರಿಂದ ಕೂಗಳತೆಯಲ್ಲಿದೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದು. ದುರಸ್ತಿಗೆ ಅವಕಾಶ ಇದೆ, ಆದರೆ ಅರ್ಜಿ ಹಾಕಬೇಕು. ಹಾಕಿದೆವು. ನಕ್ಷೆ ಸರಿ ಇಲ್ಲ ಅಂತ ಒಮ್ಮೆ ವಾಪಸ್ ಬಂತು, ಫೋಟೋ ಸಾಲದು ಅಂತ ಇನ್ನೊಮ್ಮೆ. ಮಾಳಿಗೆ ಮೇಲೆ ಈಗ ನೀಲಿ ತಾಡಪತ್ರಿ ಇದೆ, ಗಾಳಿ ಬೀಸಿದರೆ ಪಟಪಟ ಅಂತ ರಾತ್ರಿಯೆಲ್ಲ ಹೊಡಕೊಳ್ಳುತ್ತದೆ.

ಹಾಗಂತ ಈ ನಿಯಮ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ಹುಬ್ಬಳ್ಳಿಯ ಉಣಕಲ್‌ನಲ್ಲಿ ಚಂದ್ರಮೌಳೇಶ್ವರ ಗುಡಿ ನೋಡಿ ಬನ್ನಿ. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಅಪರೂಪದ ಗುಡಿ, ಸುತ್ತ ಮನೆಗಳು ಒತ್ತಿಕೊಂಡು ನಿಂತಿವೆ. ಓಣಿ ಹುಡುಕಿಕೊಂಡು ಹೋಗಬೇಕು. ಲಕ್ಕುಂಡಿಯಂತೂ ಗದಗಿನಿಂದ ಹನ್ನೆರಡು ಕಿಲೋಮೀಟರ್, ಹೊಸಪೇಟೆ ಹೆದ್ದಾರಿ ಪಕ್ಕ. ನಿಯಮ ಸಡಿಲ ಆದ ಮರುದಿನವೇ ಅಲ್ಲಿ ಏಳುವುದು ನಮ್ಮ ಅತ್ತಿಯ ಕೋಣೆ ಅಲ್ಲ, ಯಾರದೋ ಮೂರಂತಸ್ತಿನ ಲಾಡ್ಜು.

ಆ ಊರಿನ ಮಣ್ಣೂ ಸುಮ್ನೆ ಮಣ್ಣಲ್ಲ. ಶಾಸನಗಳ ಲೊಕ್ಕಿಗುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳು ಆಕೆ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ! ಇಲ್ಲಿ ಟಂಕಸಾಲೆಯೂ ಇತ್ತು, ಲೊಕ್ಕಿ ಗದ್ಯಾಣ ಅಂತ ನಾಣ್ಯಕ್ಕೇ ಊರಿನ ಹೆಸರು. 2026ರ ಜನವರಿಯಲ್ಲಿ ಮನೆಯ ಪಾಯ ತೋಡುವಾಗ ಬಂಗಾರದ ಒಡವೆ ಸಿಕ್ಕದ್ದನ್ನು ನೀವೆಲ್ಲ ಓದಿದ್ದೀರಿ. ಆ ಮನೆಯವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಮುಚ್ಚಿಟ್ಟುಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ನನ್ನ ಮಾತು ಇರುವುದೇ ಇಲ್ಲಿ. ಲಕ್ಕುಂಡಿಯನ್ನು ಕಾಯ್ದದ್ದು ಬರೀ ಬೋರ್ಡು, ಬೇಲಿ ಅಲ್ಲ. ಇಂಥ ಮನೆಯವರೂ ಕಾಯ್ದಿದ್ದಾರೆ. ಅವರಿಗೆ ಗುಡಿಯಿಂದ ಸಿಗುವುದು ಏನು? ಒಂದು 'ಕಟ್ಟಬೇಡ' ಮತ್ತು ರಜೆ ದಿನ ಬಾಗಿಲಿಗೆ ಅಡ್ಡ ನಿಲ್ಲುವ ಕಾರು. ಗುಡಿ ಅಂದರೆ ತಾಪತ್ರಯ ಅಂತ ಒಂದು ತಲೆಮಾರಿಗೆ ಅನಿಸಿಬಿಟ್ಟರೆ ಹಂಸದ ಕಲ್ಲು ರಾತ್ರೋರಾತ್ರಿ ಪಾಯಕ್ಕೆ ಸೇರುತ್ತದೆ.

ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡ ನೆನಪಿದೆಯಲ್ಲ? 2016ರಲ್ಲಿ ಸರ್ಕಾರ ಅದರ ಸಂರಕ್ಷಿತ ಪಟ್ಟವನ್ನು ವಾಪಸ್ ತೆಗೆದುಕೊಂಡಾಗ ತೋಂಟದ ಸಿದ್ಧಲಿಂಗ ಶ್ರೀಗಳ ಜೊತೆ ಬೀದಿಗಿಳಿದವರಲ್ಲಿ ರೈತರಿದ್ದರು, ಹೆಣ್ಣುಮಕ್ಕಳಿದ್ದರು. 2017ರಲ್ಲಿ ಆ ಪಟ್ಟ ಮರಳಿ ಬಂತು, 2019ರಲ್ಲಿ ವನ್ಯಜೀವಿಧಾಮ ಆಯಿತು. ಗುಡ್ಡ ನಮ್ಮದು ಅಂತ ಜನಕ್ಕೆ ಅನಿಸಿತ್ತು, ಅದಕ್ಕೆ ಆಯಿತು.

ಲಕ್ಕುಂಡಿಯಲ್ಲಿ ಏನು ಮಾಡಬಹುದು? ದುರಸ್ತಿ ಅರ್ಜಿಗೆ ಊರಲ್ಲೇ ತಿಂಗಳಿಗೊಮ್ಮೆ ಒಬ್ಬರು ಬಂದು ಕೂರಲಿ. ನಕ್ಷೆ ಅವರೇ ಬರೆದುಕೊಡಲಿ. ಮಾಳಿಗೆ ಮನೆಯನ್ನು ಮಾಳಿಗೆ ಮನೆಯಾಗಿಯೇ ಉಳಿಸಿಕೊಳ್ಳುವವರಿಗೆ ಜಂತಿ, ಗಾರೆಯ ಖರ್ಚಲ್ಲಿ ಸ್ವಲ್ಪ ಕೊಡಲಿ. ಲಕ್ಕುಂಡಿ ಉತ್ಸವಕ್ಕೆ ಹಾಕುವ ದೀಪದ ಸರದಲ್ಲಿ ನಾಲ್ಕು ಕಡಿಮೆ ಆದರೂ ನಡೆದೀತು. ಹಾಗೆಯೇ ಬಾವಿಗಳು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರ ಮಾತು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ರೀಲ್ಸ್ ಮಾಡುವವರಿಗೆ ಕೊರತೆ ಇಲ್ಲ. ಹೆಸರಿಲ್ಲದ ಇನ್ನೊಂದು ಬಾವಿಗೆ ಹೋದ ವಾರ ಇಣುಕಿದೆ, ನೀರಿಗಿಂತ ಬಾಟಲಿ ಜಾಸ್ತಿ.

ಇನ್ನೊಂದು ಹೇಳಬೇಕು. ಮೊನ್ನೆ ಒಬ್ಬರು ಕಾರಿನಲ್ಲಿ ಬಂದು, ರೆಸಾರ್ಟಿನ ಹುಲ್ಲುಹಾಸಿಗೆ ಇಂಥ ಹಳೇ ಕಲ್ಲು ಬೇಕು, ಎಷ್ಟಾದರೂ ಕೊಡುತ್ತೇವೆ ಅಂದರಂತೆ. ಆ ದುಡ್ಡಲ್ಲಿ ಜಂತಿ ಬರುತ್ತಿತ್ತು. "ಮತ್ತ ನಾ ಅರಿವಿ ಎಲ್ಲಿ ಒಗೀಲೆಪಾ?" ಅಂತ ಕೇಳಿ ಅತ್ತಿ ಕಳಿಸಿಬಿಟ್ಟಳಂತೆ.

ಬರುವ ಸೋಮವಾರ ಮೂರನೇ ಸಲ ಅರ್ಜಿ ಕೊಡಲು ಹೋಗುತ್ತಿದ್ದೇನೆ. ಪಕ್ಕದ ಓಣಿಯವರದೂ ಎರಡು ಅರ್ಜಿ ಇವೆ. ಜಂತಿ ಮನೆಯನ್ನು ಹಳೇ ಪದ್ಧತಿಯಲ್ಲೇ ಸರಿ ಮಾಡಬಲ್ಲ ಬಡಿಗ್ಯಾರು ಗದಗ, ಮುಂಡರಗಿ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಳೆಗಾಲಕ್ಕೆ ಮುಂಚೆ ಬೇಕು.